ಬ್ಯಾರನ್ ಬೆಂಕಿಗೆ ಬೀಳದ ಫೋನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಿರಿಯಾಪಟ್ಟಣದ ಹಾರನಹಳ್ಳಿ ಹೋಬಳಿಯ ಆ ಊರಿನಲ್ಲಿ ಆಶಾ ಕಾರ್ಯಕರ್ತೆ ಗೌತಮಿ, ಸೊಪ್ಪನ್ನು ಒಲೆಯ ಬಿಸಿಗೆ ಹದ ಮಾಡುವ ಗೂಡುಗಳಾದ ಬ್ಯಾರನ್‌ಗಳ ಸಾಲು ಹಿಡಿದು ನಡೆಯುತ್ತಿದ್ದಾರೆ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಮನೆಗಳಿಗೆ ಹೋದರೆ ಸಿಗುವುದು ಬೀಗ. ಸಂಸಾರವೆಲ್ಲ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿರುತ್ತದೆ. ಹಾಗಾಗಿ ಗೌತಮಿಯ ಕೆಲಸವೂ ಅಲ್ಲೇ.

"ಬಂದ್ಲು ನೋಡು, ಮಾತ್ರೆ ಗೌತಮಿ" ಎಂದು ಹೆಂಗಸೊಬ್ಬರು ನಗುತ್ತಾರೆ.

"ನಿಂಗೂ ನಾಕು ಕೊಡ್ತೀನಿ ತಡ್ಯಕ್ಕ, ನಾಲ್ಗೆ ಇನ್ನೂ ಚುರುಕಾಯ್ತದೆ."

ನಗುತ್ತಲೇ ಗೌತಮಿ ಕಂಠಪ್ಪನವರ ಬ್ಯಾರನ್ ಕಡೆ ನೋಡುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ. ಒಲೆಯ ಬಾಯಿ ತೆರೆದಿದೆ. ಕಂಠಪ್ಪನ ಕೈಯಲ್ಲಿ ಸೌದೆಯಲ್ಲ, ಫೋನು.

ಕಾರಣ ಗೌತಮಿಗೆ ಗೊತ್ತು. ಪಿ.ಯು. ಓದುತ್ತಿರುವ ಕಂಠಪ್ಪನ ಮಗಳು ಹೋದ ವಾರ ಕಬ್ಬಿಣಾಂಶದ ಮಾತ್ರೆ ಕೇಳುವ ನೆಪದಲ್ಲಿ ಬಂದು ಅತ್ತಿದ್ದಳು. ಸಾಲಿಗ್ರಾಮದ ಹುಡುಗಿ ಎಂದು ಹೇಳಿಕೊಂಡು ಯಾರೋ ಆನ್‌ಲೈನ್‌ನಲ್ಲಿ ಗೆಳೆತನ ಮಾಡಿದ್ದಾರೆ, ಅವಳ ಮುಖದ ಫೋಟೊ ತೆಗೆದುಕೊಂಡು ಬೇರೆ ಯಾರದೋ ದೇಹಕ್ಕೆ ಅಂಟಿಸಿದ್ದಾರೆ. ನಿನ್ನ ನಿಜವಾದ ಚಿತ್ರ ಕಳಿಸು, ಇಲ್ಲದಿದ್ದರೆ ಇದನ್ನೇ ಊರಿಗೆಲ್ಲ ಹಂಚುತ್ತೇನೆ ಎಂಬುದು ಈಗಿನ ಬೆದರಿಕೆ. "ಯಾರ್ಗೂ ಏಳ್ಬ್ಯಾಡಿ ಅಕ್ಕ" ಎಂದಿದ್ದಳು ಹುಡುಗಿ. ಎರಡು ದಿನ ಒದ್ದಾಡಿ, ಗೌತಮಿ ಅವಳ ಅಜ್ಜಿ ಚಾಮುಂಡಮ್ಮನಿಗೆ ಹೇಳಿದರು. ಅಜ್ಜಿ ಮಗನಿಗೆ ಹೇಳಿದರು.

"ಏಳಿದ್ದು ಸರಿನೋ ತಪ್ಪೋ, ಇವತ್ಗೂ ಗೊತ್ತಿಲ್ಲ. ಮಗು ನಂಬಿತ್ತು ಕಣ್ರೀ" ಎನ್ನುತ್ತಾರೆ ಗೌತಮಿ.

ಕೆ.ಆರ್. ನಗರದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವರು ಅವರು. ಎರಡು ಊರು, ಆದಿವಾಸಿಗಳ ಒಂದು ಹಾಡಿ ಅವರ ಪಾಲಿನವು. ಬಾಣಂತಿ, ಚುಚ್ಚುಮದ್ದು, ಕಫದ ಪರೀಕ್ಷೆಗಳ ನಡುವೆ ಫೋನಿನ ಈ ಹೊಸ ಕಾಟವೂ ಈಚೆಗೆ ಸೇರಿಕೊಂಡಿದೆ. ಹುಣಸೂರಿನಲ್ಲಿ ಒಂದು ದಿನದ ತರಬೇತಿ ಆಗಿತ್ತು. "ಅರ್ಧ ತಲೆಗೇ ಓಗ್ಲಿಲ್ಲ. ಉಳ್ದಿದ್ದು ಎರಡೇ ಮಾತು. ಮಗೂನ ಬೈಬಾರ್ದು, ಫೋನಲ್ಲಿರೋದ ಅಳಿಸ್ಬಾರ್ದು."

ಆ ಬೆದರಿಕೆ ಬಂದ ಫೋನೇ ಈಗ ಬೆಂಕಿಯ ಮುಂದಿದೆ.

"ಬ್ಯಾಡ ಕಂಠಪ್ಪಣ್ಣ. ಅದು ಸುಟ್ಟೋದ್ರೆ ಅವನ ಸುಳಿವೂ ಸುಟ್ಟೋಯ್ತದೆ."

"ಓಗ್ಲಿ ಬುಡು. ನಾಳೆಯಿಂದ ಕಾಲೇಜೂ ಬ್ಯಾಡ ಅವ್ಳಿಗೆ."

"ಎಲೆ ಹಳದಿ ತಿರುಗೋ ಮುಂಚೆ ಬಿಸಿ ಏರ್ಸಿದ್ರೆ ಹಸ್ರೇ ನಿಂತೋಗಲ್ವಾ? ಇದೂ ಅಂಗೇ. ಅವಸ್ರ ಮಾಡ್ಬ್ಯಾಡಿ."

"ಸೊಪ್ಪಿನ ಪಾಠ ನಂಗೇ ಏಳ್ಕೊಡ್ತೀಯಾ? ನಿಮ್ಮೂರ್ ಕಡೆ ಬತ್ತ ಬಿಟ್ರೆ ಏನ್ ಕಂಡಿದ್ದೀರಿ!"

ಆಗ ಎಲೆ ಕಟ್ಟುತ್ತಿದ್ದ ಚಾಮುಂಡಮ್ಮ ತಲೆ ಎತ್ತದೆಯೇ ಹೇಳುತ್ತಾರೆ: "ಲೇ ಕಂಠ, ಸೊಪ್ಪಿನ ಅರಾಜಿನ ಮೆಸೇಜು ಬರೋದು ಆ ಫೋನ್ಗೇ ಕಣ್ಲಾ. ಅದ ಸುಟ್ಟು, ಸೊಪ್ಪ ಯಾವತ್ತು ತಕಂಡೋಗ್ಬೇಕು ಅಂತ ಯಾರ್ನ ಕೇಳ್ತೀಯ?"

ಕಂಠಪ್ಪನ ಕೈ ನಿಲ್ಲುತ್ತದೆ. ಮನೆಗೆಲ್ಲ ಇರುವುದು ಆ ಒಂದೇ ಫೋನು. ಒಲೆಯ ಬಾಗಿಲು ಮುಚ್ಚಿ ಅವರು ಅಲ್ಲೇ ಕುಕ್ಕರಿಸುತ್ತಾರೆ.

"ಗೌತಮವ್ವ, ಮಖ ನಮ್ ಮಗೂದು. ಮೈ ನಮ್ ಮಗೂದಲ್ಲ. ಅಂಗಾದ್ರೆ ಇದ್ಯಾರು?" ಎಂದು ಕಂಠಪ್ಪ ಕೇಳುತ್ತಾರೆ.

ಗೌತಮಿಯ ಮಾತ್ರೆ ಡಬ್ಬಿಯ ಹಿಂದೆ ಎರಡು ಸಹಾಯವಾಣಿಗಳ ನಂಬರುಗಳಿವೆ. ಯಾವುದಕ್ಕೆ ಮೊದಲು ಕರೆ ಮಾಡಬೇಕೆಂಬುದೂ ನೆನಪಿಲ್ಲ. ಕೊನೆಗೆ ಮಕ್ಕಳ ಸಹಾಯವಾಣಿ 1098 ಒತ್ತುತ್ತಾರೆ. ಅತ್ತ ಕಡೆಯವರು ಹೇಳಿದ್ದನ್ನು ಕಂಠಪ್ಪನಿಗೆ ಕೇಳುವಂತೆ ಒಂದೊಂದಾಗಿ ಉಚ್ಚರಿಸುತ್ತಾರೆ: ಅವನಿಗೆ ಉತ್ತರ ಕೊಡಬೇಡಿ, ಏನನ್ನೂ ಅಳಿಸಬೇಡಿ, ಆ ಚಿತ್ರವನ್ನು ಯಾರಿಗೂ ಕಳಿಸಬೇಡಿ, ತಪ್ಪು ಮಗುವಿನದಲ್ಲ. ಕೊನೆಯ ಮಾತನ್ನು ಎರಡು ಸಲ ಹೇಳುತ್ತಾರೆ.

ಆ ಬೆಳಗಿನ ನಂತರ ದೂರು ದಾಖಲಾಗಿದೆ. ಸಮವಸ್ತ್ರವಿಲ್ಲದೆ ಬಂದ ಮಹಿಳಾ ಪೊಲೀಸರೊಬ್ಬರು ಹುಡುಗಿಯ ಜೊತೆ ಮಾತಾಡಿಕೊಂಡು ಹೋಗಿದ್ದಾರೆ. ಬೆದರಿಸಿದವನು ಯಾರೆಂದು ಇನ್ನೂ ತಿಳಿದಿಲ್ಲ. ಎಚ್.ಡಿ. ಕೋಟೆ ಕಡೆಯಲ್ಲೂ ಇಂಥದ್ದೇ ಆಗಿದೆಯಂತೆ ಎಂಬ ಸುದ್ದಿ ಗೌತಮಿಯ ಕಿವಿಗೆ ಬಿದ್ದಿದೆ. ನಿಜವೋ ಸುಳ್ಳೋ ಅವರಿಗೆ ಗೊತ್ತಿಲ್ಲ. ಹುಡುಗಿ ಮಾತ್ರ ಅವರೊಂದಿಗೆ ಮಾತು ಬಿಟ್ಟಿದ್ದಳು. ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳಿದ್ದಾಳೆ, ಹೆಗಲಲ್ಲಿ ಕಾಲೇಜಿನ ಚೀಲ. ಗೌತಮಿ ಕಾಣದವರಂತೆ ದಾಟಿ ಹೋಗುವಾಗ ಹಿಂದಿನಿಂದ ದನಿ ಬರುತ್ತದೆ.

"ಅಕ್ಕ, ಮಾತ್ರೆ ಮುಗ್ದೋಗದೆ."

ಮುಗಿಯಲು ಇನ್ನೂ ದಿನಗಳಿವೆ ಎಂದು ಗೌತಮಿಗೆ ಗೊತ್ತು. "ಸಂಜೆ ಬಾವ್ವ, ಕೊಡ್ತೀನಿ" ಎಂದಷ್ಟೇ ಹೇಳುತ್ತಾರೆ.

"ಇನ್ನೇನೂ ಬ್ಯಾಡ ನಂಗೆ" ಎನ್ನುತ್ತಾರೆ ಗೌತಮಿ ಆಮೇಲೆ, ತಮ್ಮ ಮಾತ್ರೆ ಚೀಲದ ಜಿಪ್ ಎಳೆಯುತ್ತ. "ಮಾತ್ರೆ ನೆಪದಲ್ಲಾದ್ರೂ ಆ ಮಗು ಬತ್ತಾ ಇರ್ಲಿ."