ಅತ್ತೆಯ ಎಡಗೈ

ನೆನೆಹಾಕಿದ ಅವರೆಕಾಳನ್ನು ಹಿತುಕುವ ಮುಂಚೆ ನೋಡಿದ್ದೀರಲ್ಲ, ಸಿಪ್ಪೆ ಬೆಳ್ಳಗೆ ಉಬ್ಬಿ, ನೆರಿಗೆ ಬಿದ್ದು, ಇನ್ನೇನು ಜಾರಿ ಬರುವ ಹಾಗಿರುತ್ತದೆ. ನಮ್ಮ ಎದುರುಮನೆ ಅತ್ತೆಯ ಬೆರಳ ತುದಿಗಳು ಹಾಗಿದ್ದವು. ಚಾಮರಾಜನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಘಟಕದಲ್ಲಿ ಅವಳಿಗೆ ಕೆಲಸ. ಬೆಳಗಿನಿಂದ ಸಂಜೆಯ ತನಕ ಬಿಸಿನೀರಿನಲ್ಲಿ ಕೈಯಾಡಿಸಿ, ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಹಿಡಿಯಬೇಕು. ಅವಳು ಬೀದಿಗೆ ಕಾಲಿಡುವ ಮುಂಚೆಯೇ ಬೆಂದ ಹುಳುವಿನ ವಾಸನೆ ಬರುತ್ತಿತ್ತು.

“ಪ್ರಯಾಣಿಕರ ಗಮನಕ್ಕೆ, ಅತ್ತೆ ಬತ್ತಾವ್ಳೆ, ಎಲ್ಲಾರೂ ಮೂಗು ಮುಚ್ಕಳಿ” ಎಂದು ನಾನು ಬಸ್ ನಿಲ್ದಾಣದ ಮೈಕಿನ ದನಿಯಲ್ಲಿ ಸಾರುತ್ತಿದ್ದೆ.

“ಇರು, ನಿನ್ ಮೂಗೇ ಕಿತ್ತು ಬಿಸ್ನೀರ್ಗ್ ಆಕ್ತೀನಿ. ಅದ್ರಲ್ಲೂ ಒಂದೆಳೆ ನೂಲು ಬತ್ತದ ನೋಡವ” ಎನ್ನುತ್ತಿದ್ದಳು.

ಅತ್ತೆ ಎಂದರೆ ನೆಂಟಸ್ತಿಕೆಯೇನೂ ಇಲ್ಲ. ಅವಳ ಒಬ್ಬಳೇ ಮಗಳು ನನಗಿಂತ ತುಂಬ ದೊಡ್ಡವಳು, ಗುಂಡ್ಲುಪೇಟೆಗೆ ಮದುವೆಯಾಗಿ ಹೋಗಿದ್ದವಳು. ಹಾಗಾಗಿ ಹೆಣ್ಣು ಕೊಡುವ ಆಸೆಯ ಅತ್ತೆಯೂ ಅಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ.

ಕೆಲಸದಿಂದ ಬಂದವಳು ಒಲೆಯ ಮೇಲೆ ಅನ್ನಕ್ಕಿಟ್ಟು, ನಲ್ಲಿಯಲ್ಲಿ ಕೈಮುಖ ತೊಳೆದು, ಬಟ್ಟಲಲ್ಲಿ ಬೆಚ್ಚಗಿನ ಹರಳೆಣ್ಣೆ ಹಿಡಿದು ಜಗಲಿಯ ಮೇಲೆ ಕೂರುತ್ತಿದ್ದಳು. ಒಂದೊಂದೇ ಬೆರಳನ್ನು ಬುಡದಿಂದ ತುದಿಗೆ ನೀವುತ್ತಾ ತನ್ನ ಜೊತೆ ತಾನೇ ಮಾತಾಡಿಕೊಳ್ಳುತ್ತಿದ್ದಳು. “ಬಂದ್ಯಾ ನನ್ ಕೂಸೆ? ಕುಂತ್ಕೊ. ಸುಸ್ತಾಯ್ತಾ? ಆದಷ್ಟ ಮಾಡ್ದೆ, ಆಗ್ದಿದ್ದ ಬುಟ್ಟೆ. ಸಾಕು ಕಣವ್ವ ಇವತ್ಗೆ.” ಅನ್ನ ಉಕ್ಕಿ ತಟ್ಟೆ ಸದ್ದು ಮಾಡುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು. ಹಬ್ಬವಿರಲಿ ಜ್ವರವಿರಲಿ, ಒಂದು ದಿನವೂ ಅದನ್ನು ತಪ್ಪಿಸಿದವಳಲ್ಲ.

ಮಿಮಿಕ್ರಿ ಮಾಡುವವನ ಎದುರುಮನೆಯಲ್ಲಿ ಇಂಥದೊಂದು ದಿನಾ ನಡೆದರೆ ಅವನು ಸುಮ್ಮನಿರುತ್ತಾನೆಯೇ? ಒಂದೇ ವಾರದಲ್ಲಿ ಅವಳ ದನಿ ನನ್ನ ಗಂಟಲಿಗೆ ಬಂತು. ಮೂಗಿನಲ್ಲಿ ಹೊರಟು, ‘ಕೂಸೆ’ ಎನ್ನುವಾಗ ಮೆತ್ತಗಾಗಿ, ‘ಸಾಕು’ ಎನ್ನುವಾಗ ಎದೆಗೆ ಇಳಿಯುವ ದನಿ. ಅವಳ ಮುಂದೆಯೇ ಮಾಡಿ ತೋರಿಸಿದೆ. ನಕ್ಕು ನಕ್ಕು ಅವಳ ಎಣ್ಣೆ ಚೆಲ್ಲಿಹೋಯಿತು. “ಅಯ್ಯೋ ನಿನ್ ಬಾಯಿಗ್ ಮಣ್ಣಾಕ, ನಾನ್ ಸತ್ರೂ ಬೀದಿಗ್ ಗೊತ್ತಾಗಕಿಲ್ಲ ಬುಡು!”

ಇಡೀ ಊರನ್ನು ಗೇಲಿ ಮಾಡುತ್ತಿದ್ದ ನನ್ನ ಒಳಗಡೆ ನನ್ನನ್ನೇ ಗೇಲಿ ಮಾಡುವವನು ಒಬ್ಬನಿದ್ದ. ಅದು ಹೊರಗೆ ಗೊತ್ತಾದದ್ದು ಗುಂಡ್ಲುಪೇಟೆಯ ಒಂದು ಆರ್ಕೆಸ್ಟ್ರಾದ ಮಾರನೆಯ ದಿನ. ವೇದಿಕೆ ಹತ್ತಿದ ನನಗೆ ಮಾತೇ ಮರೆತುಹೋಗಿತ್ತು. ಕೋಳಿಯ ಕೂಗಿನಿಂದ ಶುರು ಮಾಡಿ ಕೋಳಿಯ ಕೂಗಿನಲ್ಲೇ ನಿಂತೆ. “ಇಳಿಯಪ್ಪಾ ಕೋಳಿ” ಎಂದರು ಜನ. ಮಾರನೆಯ ಬೆಳಿಗ್ಗೆ ಗಡ್ಡ ಕೆರೆಯುತ್ತಾ ಕನ್ನಡಿಯ ಮುಂದೆ ನಿಂತವನು ಚಿಕ್ಕಂದಿನಿಂದ ನನ್ನನ್ನು ಬಯ್ಯುತ್ತಲೇ ಬಂದ ನಮ್ಮ ದೊಡ್ಡಪ್ಪನ ಕರ್ಕಶ ದನಿಯಲ್ಲಿ ನನ್ನನ್ನು ನಾನೇ ಬಯ್ಯತೊಡಗಿದೆ. “ಏ ದಂಡಪಿಂಡ, ಈ ಮೂತಿಗೆ ಸ್ಟೇಜ್ ಬೇರೆ ಕೇಡಾ? ಬದುಕಿದ್ದೇನ್ಲಾ ನೀನು ಸಾಧಿಸೋದು?” ಮಧ್ಯೆ ಮಧ್ಯೆ ನನ್ನದೇ ಅಳು.

ಬಾಗಿಲು ಧಡಾರನೆ ತೆರೆಯಿತು. ಮುದ್ದೆ ಕೋಲು ಎತ್ತಿ ಹಿಡಿದ ಅತ್ತೆ!

“ಎಲ್ಲವ್ನೆ ಅವ್ನು?”

“ಯಾರತ್ತೆ?”

“ನಿನ್ನ ಬಯ್ತಿದ್ನಲ್ಲಾ, ಆ ಮುಂಡೇದು! ಕೂಸ್ನ ಅಂಗ್ ಅಳಿಸ್ತಾನಲ್ಲ, ಅವ್ನೇನ್ ಮನುಷ್ಯನಾ?” ಮಂಚದ ಕೆಳಗೆಲ್ಲ ಬಗ್ಗಿ ನೋಡಿದಳು.

“ಯಾರೂ ಇಲ್ಲ ಕಣತ್ತೆ. ನಾನೇ.”

ಅವಳು ನಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿದಳು. ಎಣ್ಣೆ ತಂದು, ಆಗಲೇ ಮೊದಲ ಬಾರಿಗೆ ತನ್ನ ಕಥೆ ಹೇಳಿದಳು.

“ನಮ್ಮನೆಯವ್ರು ನನ್ನ ದರಿದ್ರದೋಳೆ ಅಂತ್ಲೇ ಕರಿಯೋರು. ಅವ್ರು ಓಗ್ಬುಟ್ರು, ಮಾತು ಓಗ್ನಿಲ್ಲ. ಅವ್ರ ಬಾಯಿಂದ ನನ್ ಬಾಯಿಗ್ ಬಂದ್ಬುಡ್ತು. ಸಾರು ಸೀದ್ರೆ ದರಿದ್ರದೋಳೆ, ಎಳೆ ಕಿತ್ರೆ ದರಿದ್ರದೋಳೆ, ಕನ್ನಡಿ ನೋಡುದ್ರೆ ದರಿದ್ರದೋಳೆ. ಒಂದಿನ ನೋಡ್ತೀನಿ, ನನ್ ಮಗ್ಳು, ಇಷ್ಟುದ್ದ ಅವ್ಳೆ, ಬಟ್ಟೆ ಬೊಂಬೆ ತೊಡೆ ಮ್ಯಾಲೆ ಮಲಗಿಸ್ಕಂಡು ತಟ್ತಾ ಅವ್ಳೆ. ತಟ್ತಾ ತಟ್ತಾ ಏನಂತಾವ್ಳೆ ಗೊತ್ತಾ? ‘ಮಲಿಕ್ಕೊ ದರಿದ್ರದೋಳೆ’ ಅಂತ.”

ಸ್ವಲ್ಪ ಹೊತ್ತು ನನ್ನ ಹೆಬ್ಬೆರಳನ್ನೇ ನೀವುತ್ತಿದ್ದಳು.

“ಬಯ್ಯದ ನಿಲ್ಲುಸ್ಬೇಕು ಅಂದ್ರೆ ನಿಲ್ಲಕಿಲ್ಲ ಕಣ್ಲಾ. ಆ ಜಾಗ್ದಲ್ಲಿ ಇನ್ನೊಂದ್ ಮಾತ ತಂದು ಕೂರುಸ್ಬೇಕು. ಅದುನ್ನ ದಿನಾ ಕೂರುಸ್ಬೇಕು. ಒಂದಿನ ಬುಟ್ರೆ ಹಳೇದು ಬಂದು ಕುಂತ್ಕತ್ತದೆ.”

ಅಂದಿನಿಂದ ನನಗೂ ಅದೇ ಪಾಠ. ಆಗ ತಾನೇ ಬದನಗುಪ್ಪೆಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ. ಸಂಜೆ ಕಂಪನಿ ಬಸ್ಸಿಳಿದು ನೇರ ಅವಳ ಜಗಲಿಗೆ. ಕೈಕಾಲು ತೊಳೆ, ಎಣ್ಣೆ ಹಚ್ಚು, ನಿನಗೆ ನೀನು ಒಂದು ಒಳ್ಳೆಯ ಮಾತು ಹೇಳಿಕೊ, ಎದ್ದು ಹೋಗು. ಶುರುವಿನಲ್ಲಿ ನನಗೆ ಒಳ್ಳೆಯ ಮಾತೇ ಹೊಳೆಯುತ್ತಿರಲಿಲ್ಲ. “ಇವತ್ತು ಬಸ್ ತಪ್ಪಿಸ್ಕಳ್ನಿಲ್ಲ” ಎಂದು ಹೇಳಿಕೊಂಡೆ. “ಅದೂ ಆಯ್ತದೆ ಬುಡು, ನಿನ್ ಮಟ್ಗೆ ಅದು ಜಾಸ್ತೀನೆ” ಎಂದಳು. ದೊಡ್ಡಪ್ಪನ ದನಿ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೆಲ್ಲಗಾಯಿತು. ಮತ್ತೆ ವೇದಿಕೆ ಹತ್ತುವಷ್ಟು ಮೆಲ್ಲಗಾಯಿತು.

ಒಂದು ದಿನ ಬಿಸಿನೀರಿನ ಮುಂದೆಯೇ ಅತ್ತೆಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಟ್ಟರು. ಎಡಭಾಗ ಬಿದ್ದುಹೋಯಿತು, ಮಾತು ಗೊರಗೊರ ಸದ್ದಾಯಿತು, ಎಡಗೈ ಮುಷ್ಟಿ ಕಟ್ಟಿತು. ಮಗಳು ಗುಂಡ್ಲುಪೇಟೆಗೆ ಕರೆದುಕೊಂಡು ಹೋದಳು.

ಮೊದಲ ಭಾನುವಾರ ಹೋದಾಗ ಕಂಡದ್ದನ್ನು ನಾನು ಕಾಣಬಾರದಿತ್ತು. ಅತ್ತೆ ಬಲಗೈಯಿಂದ ಎಡಗೈಗೆ ಹೊಡೆಯುತ್ತಿದ್ದಳು. ಮಗುವಿಗೆ ಹೊಡೆದಂತಲ್ಲ, ದನಕ್ಕೆ ಹೊಡೆದಂತೆ.

“ದಿನಾ ಇದೇ ಕಣೋ” ಎಂದಳು ಮಗಳು. “ಪೂಜೆಗೆ ಕೂರುಸುದ್ರೆ ಲಿಂಗಾನೇ ತಳ್ಬುಡ್ತಾಳೆ.”

ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯ ಮೇಲೆ ಇಟ್ಟುಕೊಂಡು ಪೂಜಿಸುವುದು ನಮ್ಮವರ ಪದ್ಧತಿ. ಆ ಅಂಗೈ ಸತ್ತಿದೆ, ಸತ್ತದ್ದರ ಮೇಲೆ ಶಿವನನ್ನು ಇಡಬಾರದು ಎಂದು ಅತ್ತೆಯ ತಲೆಯಲ್ಲಿ ಕೂತುಬಿಟ್ಟಿತ್ತು. ಮಠದ ಅಯ್ನೋರನ್ನು ಕರೆಸಿದರು. “ಲಿಂಗಕ್ಕೆ ಸೂತಕ ಇಲ್ಲ ಕಣಮ್ಮ, ಅದಿದ್ದ ಕೈ ಸತ್ತ ಕೈ ಆಗಕಿಲ್ಲ” ಎಂದು ಅವರು ಎಷ್ಟು ತಿಳಿಹೇಳಿದರೂ ಅವಳು ಗೋಡೆಯ ಕಡೆ ತಿರುಗಿದಳು. ಮೂತಿಯ ಒಂದೇ ಬದಿಯಿಂದ ಅವಳು ತನಗೆ ತಾನೇ ಏನೋ ಗೊಣಗುತ್ತಿದ್ದಳು. ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ. ಆದರೆ ಆ ರಾಗ ನನಗೂ ಮಗಳಿಗೂ ಗೊತ್ತಿತ್ತು. ಅವಳು ಹೇಳಿಕೊಳ್ಳುತ್ತಿದ್ದುದು ಆ ಹಳೆಯ ‘ದರಿದ್ರದೋಳೆ’ ಮಾತನ್ನೇ.

ನಾನು ಎಣ್ಣೆ ತರಿಸಿದೆ. ಮುಷ್ಟಿಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಹಿಂದೆ ಗೇಲಿಗೆಂದು ಕಲಿತ ಅವಳದೇ ದನಿಯಲ್ಲಿ, “ಬಂದ್ಯಾ ನನ್ ಕೂಸೆ? ಸುಸ್ತಾಯ್ತಾ?” ಎಂದೆ.

ಅತ್ತೆ ಬೆಚ್ಚಿ ಕೋಣೆಯೆಲ್ಲ ಹುಡುಕಿದಳು. ತನ್ನ ಮಾತು ಎಲ್ಲಿ ಹೋಗಿ ಎಲ್ಲಿಂದ ಬಂತು ಎಂದು ಹುಡುಕುವಂತೆ. ಆಮೇಲೆ ನನ್ನ ಬಾಯಿ ನೋಡಿ ಅತ್ತಳು. ಒಂದು ಕಣ್ಣು ಮಾತ್ರ ಮುಚ್ಚುತ್ತಿತ್ತು. ಕೈ ಎಳೆದುಕೊಂಡಳು. ಮಾಡಬಾರದ್ದು ಮಾಡಿದೆನೇನೋ ಎಂದುಕೊಂಡು ಬಸ್ ಹತ್ತಿದೆ. ಮುಂದಿನ ಭಾನುವಾರ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ ಮುಂದಕ್ಕೆ ಚಾಚಿದ್ದಳು.

ಉಳಿದ ದಿನಗಳಿಗೆ ವಾಟ್ಸಪ್ ಇತ್ತು. ಸಂಜೆ ಬಸ್ಸಿಳಿದ ಮೇಲೆ ಅವಳ ಖಾಲಿ ಜಗಲಿಯ ಮೇಲೆ ಕೂತು, ಅವಳ ದನಿಯಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ದಾರಿಹೋಕರು ನನಗೇ ಹುಚ್ಚು ಎಂದುಕೊಂಡರು, ಹೊಸ ವಿಷಯವೇನಲ್ಲ. ಅಲ್ಲಿ ಮಗಳು ಫೋನನ್ನು ದಿಂಬಿನ ಮೇಲಿಟ್ಟು, ಎಣ್ಣೆ ಹಚ್ಚಿ, ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಹೊಡೆಯುವುದು ನಿಂತಿತು. “ಗೊಣಗದೂ ಕಮ್ಮಿ ಆಗದೆ ಕಣೋ” ಎಂದಳು ಮಗಳು.

ಲಿಂಗಕ್ಕೆ ಮಾತ್ರ ಒಪ್ಪಲಿಲ್ಲ. ಪ್ರತಿ ಬಾರಿಯೂ ಮಗಳು ಅದನ್ನು ಅಂಗೈಯ ಹತ್ತಿರ ತಂದರೆ ಬೆರಳುಗಳು ಬಿಗಿಯುತ್ತಿದ್ದವು. ಊರಿಗೆಲ್ಲ ಬುದ್ಧಿ ಹೇಳಿದವಳು, ನನ್ನನ್ನು ಬಯ್ಯುವವನಿಗೆ ಕೋಲೆತ್ತಿದವಳು, ತನ್ನ ಒಂದು ಕೈಯನ್ನು ಕ್ಷಮಿಸಲಾರದೆ ಹೋದಳು. ನಾನು ಎಷ್ಟು ದನಿ ಮಾಡಿದರೂ ಆ ಒಂದು ಜಾಗಕ್ಕೆ ಅದು ಮುಟ್ಟಲಿಲ್ಲ.

ಹಾಗೆಯೇ ಒಂದು ಬೆಳಿಗ್ಗೆ ಹೋಗಿಬಿಟ್ಟಳು.

ನಾನು ತಲುಪುವ ಹೊತ್ತಿಗೆ ಅವಳನ್ನು ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ನಮ್ಮಲ್ಲಿ ಹಾಗೆಯೇ, ಕೂತೇ ಮಣ್ಣಿಗೆ ಹೋಗುವುದು, ಎಡ ಅಂಗೈಯಲ್ಲಿ ಲಿಂಗ ಹಿಡಿದು. ಹಣೆಗೆ ವಿಭೂತಿ ಬಳಿದಿದ್ದರು. ಎಡಗೈ ಮಾತ್ರ ಮುಷ್ಟಿ.

“ಬಲಗೈಲೇ ಮಡಗ್ಬುಡಿ ಅಯ್ನೋರೆ” ಎಂದರು ಹಿರಿಯರೊಬ್ಬರು. “ಬದುಕಿದ್ದಾಗ್ಲೇ ಆ ಕೈ ಒಪ್ನಿಲ್ಲ.”

ಮಗಳು ನನ್ನ ಕಡೆ ತಿರುಗಿದಳು. “ನೀನ್ ಮಾತಾಡೋ. ಅವ್ವನ್ ದನೀಲಿ ಮಾತಾಡೋ.”

ತುಂಬಿದ ಮನೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಂಡಿಯೂರಿ ಕೂತು, ಮುಷ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಬಾಯಿ ತೆರೆದೆ. ಅತ್ತೆಯ ದನಿ ಬರಲಿಲ್ಲ. ಮೂಗಿಗೆ ಏರಿಸಿ ನೋಡಿದೆ, ಎದೆಗೆ ಇಳಿಸಿ ನೋಡಿದೆ. ಎಲ್ಲಿಯೂ ಇರಲಿಲ್ಲ.

“ಅತ್ತೆ” ಎಂದೆ. ಹರಿದುಹೋದ, ಯಾರನ್ನೂ ಅನುಕರಿಸದ ದನಿ. “ಅತ್ತೆ, ನಾನು ಕಣತ್ತೆ. ಈ ಕೈ ಏನೂ ತಪ್ಪು ಮಾಡ್ನಿಲ್ಲ. ಬುಡತ್ತೆ.”

ಕಿರುಬೆರಳಿನಿಂದ ಶುರು ಮಾಡಿ ಬಿಡಿಸಿದೆ. ಒಂದೊಂದಾಗಿ ಬಂದವು. ಅಯ್ನೋರು ಬಗ್ಗಿ, ಅಂಗೈಯ ನಡುವೆ ಲಿಂಗವಿಟ್ಟು, ಮೇಲೊಂದು ಬಿಲ್ವಪತ್ರೆ ಇಟ್ಟರು. ಅದು ಜಾರಲಿಲ್ಲ.

ಶಿವನೇ ಒಪ್ಪಿಸಿಕೊಂಡ ಎಂದು ಜನ ಅಂದರು. ಮಗಳು ಇಂದಿಗೂ ಹಾಗೆಯೇ ನಂಬಿದ್ದಾಳೆ. ಅದು ಅವಳು ದಿನಾ ಹಚ್ಚಿದ ಎಣ್ಣೆಯ ಕೆಲಸ ಎಂದು ನನಗೆ ಗೊತ್ತು, ಹೇಳಿಲ್ಲ. ಅತ್ತೆ ಒಪ್ಪಿದಳೋ ಇಲ್ಲವೋ ಎಂದು ಕೇಳೋಣವೆಂದರೆ ಅತ್ತೆ ಇಲ್ಲ. ಆ ಬೆರಳುಗಳನ್ನು ಹಿಡಿದುಕೊಂಡೇ ಕೂತಿದ್ದೆ. “ಸಾಕು ಬುಡಪ್ಪಾ, ಟೇಮಾಯ್ತು” ಎಂದು ಅಯ್ನೋರು ನನ್ನ ಹೆಗಲು ಮುಟ್ಟಿದರು.