ತಾತನ ಪಾಲಿನ ಕೋಡುಬಳೆ

ಸಾರಿನ ಪುಡಿಗೆ ಧನಿಯಾ ಹುರೀತಿದ್ದೆ. ಆ ಘಮ ಬಂದರೆ ನನಗೆ ಹಲಸೂರಿನ ನಮ್ಮ ಹಂಚಿನ ಮನೆ, ಒಲೆ ಮುಂದೆ ಕೂತ ಅಜ್ಜಿ, ಅವಳ ಹಣೆಯ ಕಾಸಗಲದ ಕುಂಕುಮ ಎಲ್ಲಾ ಒಟ್ಟಿಗೆ ನೆನಪಾಗುತ್ತವೆ. ತಾತ ಪಲ್ಟನ್ನಿನಲ್ಲಿದ್ದವರು. ದೊಡ್ಡ ಯುದ್ಧದಲ್ಲಿ ಸಿಂಗಪುರದ ಕಡೆ ಹೋದರು, ಆಮೇಲೆ ತಂತಿ ಮಾತ್ರ ಬಂತು. ಹೆಣ ಕಾಣದೆ ಕುಂಕುಮ ಅಳಿಸಲ್ಲ ಅಂತ ಅಜ್ಜಿ ಹಟ ಹಿಡಿದಳಂತೆ. ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಿದ್ದಳು. ತಾತನಿಗೆ ಮಾತ್ರ ಇಲ್ಲ. “ಎಡೆ ಸತ್ತೋರಿಗೆ ಕಣೇ. ಅವರು ಡ್ಯೂಟಿ ಮೇಲೆ ಹೋಗವ್ರೆ” ಅನ್ನುತ್ತಿದ್ದಳು. ತಾತನಿಗೆ ಪ್ರಾಣವಾಗಿದ್ದ ಕೋಡುಬಳೆ ಕರಿದು ಡಬ್ಬಿಗೆ ತುಂಬಿಡುತ್ತಿದ್ದಳು. ಮೆತ್ತಗಾದ ಮೇಲೆ ನಾವು ಮಕ್ಕಳು ತಿನ್ನುತ್ತಿದ್ದೆವು. ಅಜ್ಜಿ ಹೋದಳು, ಮನೆ ಹೋಯಿತು, ಅಲ್ಲೀಗ ಮೂರಂತಸ್ತಿನ ಪಿ.ಜಿ. ಅವ್ವ ಇಡದ ಎಡೆ ನಾನಿಡಲ್ಲ ಅಂತಿದ್ದ ಅಪ್ಪನೂ ಹೋದರು.

ಈಗ ನಾವಿರೋದು ಕೆ.ಆರ್. ಪುರದಲ್ಲಿ. ಮಗಳ ಸ್ಕೂಲಿನವರು ಸಿಂಗಪುರಕ್ಕೆ ಟ್ರಿಪ್ ಹಾಕಿದರು. ಒಂದು ಬೆಳಗ್ಗೆ ಯುದ್ಧ ಸ್ಮಾರಕದಲ್ಲಿ ಸೈನಿಕರಿಗೆ ಹೂವಿಟ್ಟು ನಮಸ್ಕಾರ, ಮಿಕ್ಕಿದ್ದೆಲ್ಲ ದೋಣಿ, ಕಾಡು, ಹಗ್ಗದ ಮೇಲೆ ಜಾರೋದು. ಆ ಸ್ಮಾರಕದ ಗೋಡೇಲಿ ತಾತನ ಹೆಸರಿದೆ ಅಂತ ಮಗಳೇ ಫೋನಿನಲ್ಲಿ ಹುಡುಕಿ ತೋರಿಸಿದ್ದಳು. ಹೆಸರು ಕಂಡ ಮೇಲೆ ಇನ್ನು ಕಾಯೋದು ಬೇಡ ಅನ್ನಿಸಿತು. ತಲೆಗೆ ನೀರು ಹಾಕ್ಕೊಂಡು ಕೋಡುಬಳೆ ಕರಿದೆ. ಹೆಸರಿನ ಕೆಳಗಿಟ್ಟು ಕೈ ಮುಗಿ, ಆಮೇಲೆ ಎಲ್ಲರೂ ತಿನ್ನಿ ಅಂತ ಹೇಳಿ ಕಳಿಸಿದೆ. ಮಿಸ್ಸಿಗೂ ಹೇಳಿದ್ದೆ, ಶೂರ್ ಮೇಡಂ ಅಂದಿದ್ದರು.

ಧನಿಯಾ ಇನ್ನೂ ಬಾಣಲೆಯಲ್ಲಿತ್ತು, ಮಗಳ ಫೋನ್ ಬಂತು. ಗ್ಯಾಸ್ ಆರಿಸಿ ಎತ್ತಿದೆ.

“ಅಮ್ಮಾ, ಗೋಡೆ ಹತ್ರ ಬಿಡ್ಲೇ ಇಲ್ಲ.”

ಮುಂದುಗಡೆ ಹೂವಿನ ಚಕ್ರ ಇಟ್ಟರಂತೆ, ಒಂದು ನಿಮಿಷ ಮೌನ ನಿಂತರಂತೆ, ಫೋಟೋ ತೆಗೆದು ಬಸ್ಸು ಹತ್ತಿಸಿದರಂತೆ. ತಡವಾದರೆ ಹಗ್ಗದ ಸರದಿ ತಪ್ಪುತ್ತದಂತೆ. ಇವಳು ಗೋಗರೆದರೆ ಮಿಸ್ಸು, ಹೆಸರು ಫೋನಲ್ಲೇ ಇದೆಯಲ್ಲ ಪುಟ್ಟಾ ಅಂದರಂತೆ. ನನಗೆ ಮೈಯೆಲ್ಲ ಉರಿಯಿತು. ಆ ಒಂದು ನಿಮಿಷ ಇವರು ನೆನೆದಿದ್ದಾದರೂ ಯಾರನ್ನ? ಕ್ಲಾಸಿನ ಗ್ರೂಪಿನಲ್ಲಿ ಆಗಲೇ ಫೋಟೋ ಬಂದಿತ್ತು, ಕೆಳಗೆ ಅಪ್ಪಅಮ್ಮಂದಿರ ಹೆಬ್ಬೆರಳುಗಳ ಸಾಲು. ಗೋಡೆ ಮೇಲಿನ ಒಂದು ಹೆಸರಾದ್ರೂ ಓದಿದ್ರಾ ಅಂತ ಬರೆದೆ. ಅದಕ್ಕೂ ಯಾರೋ ಹೆಬ್ಬೆರಳೊತ್ತಿದರು.

ಕೋಡುಬಳೆ ಏನಾಯ್ತು ಅಂದೆ.

“ಹಗ್ಗದಿಂದ ಇಳಿದಾಗ ಎಲ್ರಿಗೂ ಹಸಿವಾಗಿತ್ತು. ಕೊಟ್ಬಿಟ್ಟೆ ಅಮ್ಮ.”

ಹಗ್ಗ ಹೇಗಿತ್ತು ಅಂದೆ. ಚೆನ್ನಾಗಿತ್ತು ಅಂದಳು, ಅಳುತ್ತಲೇ.

ಮಗಳು ಸುಳ್ಳು ಹೇಳಲಿಲ್ಲ. ಕೈಕಾಲು ನೆಟ್ಟಗಿದೆ. ಇಷ್ಟು ದೇವರು ನಡೆಸಿಕೊಟ್ಟ, ಸಾಕು. ಅವಳ ಮೇಲೆ, ತಿಂದ ಮಕ್ಕಳ ಮೇಲೆ ನನಗೇನೂ ಸಿಟ್ಟಿಲ್ಲ. ತಾತ ಹೋದಾಗ ಆ ಮಕ್ಕಳಿಗಿಂತ ಐದಾರು ವರ್ಷಕ್ಕೆ ದೊಡ್ಡವರಷ್ಟೆ, ಹಸಿವು ಅವರಿಗೂ ಗೊತ್ತಿತ್ತು. ಆದರೆ ನಾಲ್ಕು ಹೆಜ್ಜೆ ಆಚೆ ಗೋಡೆಯಲ್ಲಿದ್ದ ತಾತನಿಗೆ ಅವರ ಪಾಲನ್ನು ತೋರಿಸಲೂ ಬಿಡಲಿಲ್ಲವಲ್ಲ, ಆ ದೊಡ್ಡವರನ್ನ ನಾನು ಕ್ಷಮಿಸಲ್ಲ. ದೇವರು ಕ್ಷಮಿಸಲಿ, ಅವನಿಗೆ ಅಭ್ಯಾಸವಿದೆ.

ಬೀದಿಯಲ್ಲಿ ಯಾರೋ ನೀರು ಬಂತು ಅಂದರು. ಬಿಂದಿಗೆ ತೊಳೆದುಕೊಂಡು ಹಿಡಿಯೋಕೆ ಹೋದೆ.