ಯಾರೂ ಕಡಿಯದ ಮರ

ಕನಕಪುರದ ನಮ್ಮ ಬಡಾವಣೆಯಲ್ಲಿ ಬೀದಿಗೆ ಯಾವ ಗಿಡ ನೆಡಬೇಕೆಂದು ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ ಎಂಬ ಒಂದೇ ಕಾರಣಕ್ಕೆ. ಆಗಷ್ಟೇ ನಿವೃತ್ತನಾಗಿದ್ದೆ, ಹುರುಪಿತ್ತು. ಮೇಲೆ ಕರೆಂಟು ತಂತಿ, ಕೆಳಗೆ ನೀರಿನ ಪೈಪು. ಎರಡರ ತಂಟೆಗೂ ಹೋಗದೆ ನೆರಳು ಕೊಡುವುದು ಹೊಂಗೆಯೇ ಎಂದು ಹೇಳಿ ಸಾಲಾಗಿ ನೆಡಿಸಿದೆ.

ಈಗ ಆ ಹುರುಪು ನೆನೆದರೇ ಸುಸ್ತಾಗುತ್ತದೆ. ಬೀದಿ ತಿರುವಿನ ಹೊಂಗೆ ಮೂರು ಸಲ ಒಣಗಿತು. ಎದುರಿನ ಬೇಕರಿಯವರು ಬಿಸಿನೀರನ್ನು ಅದರ ಬುಡಕ್ಕೇ ಸುರಿಯುತ್ತಿದ್ದುದನ್ನು ನಾನೇ ಕಂಡೆ. ಕೇಳಿದರೆ, "ಬೋರ್ಡ್ ಮುಚ್ಚೋಯ್ತದೆ ಸಾ, ಗಿರಾಕಿಗೆ ಅಂಗ್ಡಿ ಕಾಣ್ಬೇಕಲ್ವಾ?" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕನೇ ಸಲ ಅದೇ ಗುಂಡಿಗೆ ಅರಳಿ ಸಸಿ ತಂದು ಇಟ್ಟೆ. ಅರಿಶಿನ ಕುಂಕುಮ ಹಚ್ಚಿ, ಒಂದು ದಾರವನ್ನೂ ಸುತ್ತಿದೆ. ಜನ್ಮದಲ್ಲಿ ಮರಕ್ಕೆ ಕೈಮುಗಿದವನಲ್ಲ ನಾನು. ಈಗ ಸುರಿಯಲಿ ನೋಡೋಣ ಅಂದುಕೊಂಡೆ, ಅಷ್ಟೇ. ಅರಳಿಯ ಬೇರು ಗೋಡೆ ಸೀಳುತ್ತದೆಂದು ವರ್ಷ ವರ್ಷವೂ ಮಕ್ಕಳಿಗೆ ಬರೆಸಿದವನೂ ನಾನೇ.

ಬಿಸಿನೀರು ನಿಂತಿತು. ಬೇಕರಿಯವರೇ ಊದುಕಡ್ಡಿ ಹಚ್ಚತೊಡಗಿದರು. ಆದರೆ ತಣ್ಣೀರು ಹಾಕಿ ಬೆಳೆಸಿದವರು ಸಸಿಯ ಪಕ್ಕದಲ್ಲೇ ಇದ್ದ ಒಂದೇ ಕೋಣೆಯ ಮನೆಯ ಹೆಂಗಸು, ಬಟ್ಟೆ ಹೊಲಿದು ಬದುಕುವವರು. ಬೇಸಿಗೆಯಲ್ಲೂ ಬೆಳಿಗ್ಗೆ ಒಂದು ಬಿಂದಿಗೆ ತಪ್ಪಿಸಲಿಲ್ಲ. ಏಳೆಂಟು ವರ್ಷದಲ್ಲಿ ಮರ ಅವರ ತಾರಸಿ ದಾಟಿ ಬೆಳೆಯಿತು. ಅದರ ನೆರಳಿಗೇ ಮೆಷಿನ್ ತಂದಿಟ್ಟುಕೊಂಡು ಹೊಲಿಯುತ್ತಿದ್ದರು.

ಹೋದ ವರ್ಷ ಅವರೇ ನಮ್ಮ ಬಾಗಿಲಿಗೆ ಬಂದರು. "ಮೇಷ್ಟ್ರೇ, ಸಂಪಲ್ಲಿ ನೀರೇ ನಿಲ್ತಿಲ್ಲ. ಬೇರು ಒಳಕ್ಕೆ ಬಂದ್ಬುಟ್ಟೈತೆ. ಗೋಡೇನೂ ಒಸಿ ಬಿರುಕು ಬುಟ್ಟೈತೆ." ದೂರುವ ದನಿಯಾಗಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಹೋಗಿ ನೋಡಿದೆ. ಒಸಿ ಅಂದಿದ್ದ ಬಿರುಕಿನಲ್ಲಿ ನನ್ನ ಬೆರಳು ಹೋಗುತ್ತಿತ್ತು.

ಕಡಿಯಲು ಅನುಮತಿ ಕೇಳಿಕೊಂಡು ಅಲೆದು ಚಪ್ಪಲಿ ಸವೆಯಿತು. ಅದು ಸಿಕ್ಕಿತು, ಕಡಿಯುವವರು ಸಿಗಲಿಲ್ಲ. ಬಂದ ಇಬ್ಬರು ಕುಂಕುಮ ಕಂಡು ತಿರುಗಿ ಹೋದರು. ಮೂರನೆಯವನು ಗರಗಸ ಕೆಳಗಿಟ್ಟು, "ಅರಳಿ ಮರಕ್ಕೆ ನಾ ಮೊದ್ಲು ಕೈ ಹಾಕಾಕಿಲ್ಲ ಸಾ. ನೆಟ್ಟೋರು ಒಂದೇಟು ಹಾಕ್ಲಿ, ಆಮ್ಯಾಲೆ ನಾ ನೋಡ್ಕತೀನಿ," ಎಂದ. ಬೇಕರಿಯವರು ನನ್ನತ್ತ ಬೆರಳು ತೋರಿಸಿದರು.

ಅವನು ಕೊಟ್ಟ ಕೊಡಲಿ ಹಿಡಿದೆ. ನನಗೆ ದೇವರ ಭಯವಿರಲಿಲ್ಲ, ನಾಚಿಕೆಯಿತ್ತು. ಎತ್ತುವಷ್ಟರಲ್ಲಿ ಆ ಹೆಂಗಸು, "ಒಸಿ ತಡೀರಿ ಮೇಷ್ಟ್ರೇ," ಎಂದು ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಂದರು. ಅವರ ಸಂಪು ಒಡೆದಿತ್ತಲ್ಲ, ಆಚೆ ಬೀದಿಯಿಂದ ಹೊತ್ತು ತಂದ ನೀರು. ಅಷ್ಟನ್ನೂ ಬುಡಕ್ಕೆ ಸುರಿದರು.

"ಇವತ್ತಿನ್ ನೀರು ಇನ್ನೂ ಹಾಕಿರ್ಲಿಲ್ಲ," ಅಂದರು. ಸೆರಗಿಗೆ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತರು.

ನಾನು ಒಂದೇಟು ಹಾಕಿದೆ. ಬಿಳಿ ಹಾಲು ಒಸರಿತು. ಗರಗಸದವನು ನನ್ನ ಮುಖ ನೋಡಿ, "ಸಾಕು ಬುಡಿ ಸಾ," ಅಂದ.